ಸಿಂಬಿ ಇಟ್ಟ ಟೆಂಡರು

ಕುಮಟಾ ತಾಲ್ಲೂಕಿನ ಬಾಡ ಎಂಬ ಊರಿನ ಕಡಲದಂಡೆಯಲ್ಲಿ ಒಂದು ಪದ್ಧತಿಯಿದೆ. ದೋಣಿಯಿಂದ ಮೀನು ಮರಳಿಗಿಳಿದು ರಾಶಿ ಬಿದ್ದ ಕೂಡಲೇ ಮೊದಲು ಬಂದ ಹೆಂಗಸು ತನ್ನ ಸಿಂಬಿಯನ್ನು, ಎಂದರೆ ಬುಟ್ಟಿಯ ಕೆಳಗೆ ತಲೆಗೆ ಆಸರೆಯಾಗಿ ಇಟ್ಟುಕೊಳ್ಳುವ ಬಟ್ಟೆಯ ಸುರುಳಿಯನ್ನು, ತೆಗೆದು ರಾಶಿಯ ಮೇಲೆ ಇಟ್ಟರೆ ಮುಗಿಯಿತು. ಆ ರಾಶಿಗೆ ಇನ್ನೊಬ್ಬ ಹೆಂಗಸು ಬಾಯಿ ಹಾಕುವುದಿಲ್ಲ. ಗಂಡಸರು ಕೂಗಬಹುದು, ಲಾರಿಯವರು ಕೂಗಬಹುದು, ಹೊರಗಿನ ಏಜೆಂಟರು ಕೂಗಬಹುದು. ಹೆಂಗಸರು ಕೂಗುವುದಿಲ್ಲ. ಸಿಂಬಿ ಇಟ್ಟವಳೇ ಅದನ್ನು ಎತ್ತಿಕೊಂಡು, ನಾಲ್ಕು ಜನರ ಎದುರು "ನಾ ಬಿಟ್ಟೆ" ಎಂದರೆ ಮಾತ್ರ ರಾಶಿ ಉಳಿದವರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಆದ್ದರಿಂದ ಯಾರಿಗೂ ಇದರಲ್ಲಿ ತಿದ್ದುಪಡಿ ತರಲಾಗಿಲ್ಲ. ಹೊನ್ನಾವರದ ಕಾಸರಕೋಡಿನಲ್ಲೂ ಇದೇ, ಭಟ್ಕಳದ ಬಂದರಿನಲ್ಲೂ ಇದೇ.

ಸರಕಾರದ ಪದ್ಧತಿ ಬೇರೆ. ಅಲ್ಲಿ ಒಬ್ಬರು ಬಂದರೆ ಅನುಮಾನ, ಮೂವರು ಬಂದು ಕಿತ್ತಾಡಿದರೆ ನ್ಯಾಯ.

ಈ ಎರಡು ಪದ್ಧತಿಗಳಿಗೆ ಪರಸ್ಪರ ಪರಿಚಯವಾದದ್ದು ಹೊನ್ನಾವರದ ಒಂದು ಸಭಾಭವನದಲ್ಲಿ. ಮಹಿಳಾ ಮತ್ತು ಅಲ್ಪಸಂಖ್ಯಾತ ಉದ್ಯಮಿಗಳಿಗೆ ಸರಕಾರಿ ಗುತ್ತಿಗೆಯ ಅವಕಾಶಗಳು ಎಂಬ ಶಿಬಿರ. ಅವಕಾಶಗಳ ಬಗ್ಗೆ ಮಾತಾಡಲು ನಾಲ್ವರು ಗಂಡಸರು ಬಂದಿದ್ದರು. ಕೊನೆಯವನು, ಊಟಕ್ಕೆ ಮೊದಲು ಮುಗಿಸಬೇಕೆಂಬ ಕರುಣೆಯಿಂದ, ನೇರ ವಿಷಯಕ್ಕೆ ಬಂದ. ಕುಮಟಾ, ಹೊನ್ನಾವರ, ಭಟ್ಕಳ ಮೂರು ತಾಲ್ಲೂಕಿನ ಶಾಲೆ ಮತ್ತು ಅಂಗನವಾಡಿಗಳ ತೆರೆದ ಬಾವಿಗಳಿಗೆ ಸುರಕ್ಷತಾ ಬಲೆ ಹೊದಿಸುವ ಟೆಂಡರು ಬರಲಿದೆ. ಸ್ವಂತ ಬಲೆ ಘಟಕ ಇರುವ ಮಹಿಳೆಯರಿಗೇ ಮೀಸಲು. ಹಿಂದಿನ ಅನುಭವ ಬೇಡ. ಮುಗಿಸಿದವರಿಗೆ ಇಲಾಖೆ ಕಾಮಗಾರಿ ಪೂರ್ಣಗೊಳಿಸಿದ ಪ್ರಮಾಣಪತ್ರ ಕೊಡುತ್ತದೆ.

ಹಿಂದಿನ ಸಾಲಿನಲ್ಲಿದ್ದ ಜಯಂತಿ ಹರಿಕಂತ್ರಳಿಗೆ ಕೇಳಿಸಿದ್ದು ಆ ಕೊನೆಯ ವಾಕ್ಯ. ಬಾಡದಲ್ಲಿ ಅವಳದೊಂದು ತಗಡಿನ ಶೆಡ್ಡಿದೆ. ಅವಳು, ನಾದಿನಿ ಬೆಳ್ಳಿ, ಪಕ್ಕದ ಮನೆಯ ಕಮಲಿ ಸೇರಿ ದೋಣಿಯವರ ಹರಿದ ಬಲೆ ಕಟ್ಟಿಕೊಡುತ್ತಾರೆ. ಮಳೆಗಾಲದಲ್ಲಿ ದೋಣಿಗಳು ಮೇಲೆ ಬಂದಾಗ ಕೈತುಂಬ ಕೆಲಸ, ಉಳಿದ ದಿನ ಆಕಾಶ ನೋಡುವ ಕೆಲಸ. ಅದಕ್ಕೇ ಅವಳು ಆ ವರ್ಷ ಎರಡು ಕಡೆ ಸರಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದಳು: ಒಂದು ಕ್ರೀಡಾಂಗಣದ ಬಲೆಗೆ, ಇನ್ನೊಂದು ತೋಟಗಾರಿಕೆಯವರ ನೆರಳು ಬಲೆಗೆ. ಎರಡೂ ಕಡೆ ಒಂದೇ ಪ್ರಶ್ನೆ: ಹಿಂದೆ ಸರಕಾರಿ ಕೆಲಸ ಮಾಡಿದ ಪ್ರಮಾಣಪತ್ರ ಇದೆಯೇ? ಪ್ರಮಾಣಪತ್ರವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಪ್ರಮಾಣಪತ್ರವಿಲ್ಲ. ಈ ಗಂಟು ಯಾವ ಬಲೆಯಲ್ಲೂ ಇರದ ಗಂಟು. ಅದನ್ನು ಬಿಚ್ಚುವ ಒಂದೇ ಒಂದು ಟೆಂಡರು ಈಗ ಎದುರಿಗಿತ್ತು. ಇದೂ ಸಿಗದಿದ್ದರೆ ಬೆಳ್ಳಿ ಮತ್ತು ಕಮಲಿ ಸಿಗಡಿ ಸುಲಿಯುವ ಫ್ಯಾಕ್ಟರಿಗೆ ಹೋಗುವವರು; ಮಾತು ಆಗಲೇ ಮುಗಿದಿತ್ತು.

"ಯಾರಿಗಾದರೂ ಆಸಕ್ತಿ ಇದೆಯಾ?" ಎಂದು ಕೇಳಿದ ಭಾಷಣಕಾರ.

ಜಯಂತಿ ಎದ್ದು ನಿಂತಳು. "ನಾ ಹಾಕ್ತೆ."

ಅವಳ ಪಕ್ಕದಲ್ಲಿ ಕೂತಿದ್ದ ಕಾಸರಕೋಡಿನ ಮಾಲಿನಿ ತಾಂಡೇಲ ಆಗಲೇ ಅರ್ಧ ಎತ್ತಿದ್ದ ಕೈಯನ್ನು ಇಳಿಸಿ ಸೆರಗು ಸರಿಮಾಡಿಕೊಂಡಳು. ಎರಡು ಸಾಲು ಮುಂದಿದ್ದ ಭಟ್ಕಳದ ಮೈಮುನಾ ತಿರುಗಿ ನೋಡಿ, ನಕ್ಕು, ಪೆನ್ನನ್ನು ಚೀಲಕ್ಕೆ ಹಾಕಿದಳು. ಮೂರು ತಾಲ್ಲೂಕಿನಲ್ಲಿ ಬಲೆ ಘಟಕ ಇಟ್ಟಿದ್ದ ಹೆಂಗಸರು ಇವರು ಮೂವರೇ. ಒಬ್ಬಳ ಸಿಂಬಿ ಬಿತ್ತು, ಇಬ್ಬರು ಹಿಂದೆ ಸರಿದರು. ವೇದಿಕೆಯ ಮೇಲಿದ್ದವರು ಇದನ್ನು ಮಹಿಳೆಯರಲ್ಲಿ ಉದ್ಯಮಶೀಲತೆಯ ಕೊರತೆ ಎಂದು ತಿಳಿದು, ವಂದನಾರ್ಪಣೆಯಲ್ಲಿ ಅದರ ಬಗ್ಗೆ ವಿಷಾದವನ್ನೂ ವ್ಯಕ್ತಪಡಿಸಿದರು.

ಟೆಂಡರು ಬಂತು. ಕುಮಟಾದ ಸೈಬರ್ ಅಂಗಡಿಯ ಅನೂಪ ಜಯಂತಿಯ ದಾಖಲೆಗಳನ್ನೆಲ್ಲ ಪೋರ್ಟಲ್ಲಿಗೆ ಏರಿಸಿದ. ಬೆಳ್ಳಿ ಧಾರೇಶ್ವರಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಟೆಂಡರು ತೆರೆದ ದಿನ ಜಯಂತಿ ಇಸ್ತ್ರಿ ಮಾಡಿದ ಸೀರೆಯುಟ್ಟು ಕುಮಟಾದಲ್ಲಿದ್ದ ಇಲಾಖೆಯ ಕಚೇರಿಗೆ ಹೋದಳು.

ಅಲ್ಲಿಯ ಇಂಜಿನಿಯರು ಶ್ರೀಧರ. ಧಾರೇಶ್ವರದವನೇ, ಮೂವತ್ತೈದರ ಆಸುಪಾಸು. ಯಾರಿಗೂ ಕೆಟ್ಟದ್ದನ್ನು ಬಯಸದವನು, ಒಳ್ಳೆಯದನ್ನು ಮಾಡಲು ನಿಯಮ ಹುಡುಕುವವನು. ಅವನ ಮುಖದಲ್ಲಿ ಪ್ರಾಮಾಣಿಕ ದುಃಖವಿತ್ತು.

"ರದ್ದಾಯ್ತು ಜಯಂತಿಯವರೆ. ನಿಮ್ಮದೊಂದೇ ಬಂದದ್ದು."

"ಒಂದೇ ಬಂದ್ರೆ ಅದೇ ತಾನೇ ಗೆದ್ದದ್ದು?"

"ಹಾಗಲ್ಲ. ಈ ಟೆಂಡರಿನ ಷರತ್ತಿನ ಪ್ರಕಾರ ಕನಿಷ್ಠ ಮೂರು ಜನ ಬೇಕು. ಒಬ್ಬರೇ ಓಡಿದರೆ ಅದು ಪಂದ್ಯ ಅಲ್ಲ, ವಾಕಿಂಗು."

"ನಂಗೆ ಓಡುದು ಬೇಡ ಸರ್. ಬಾವಿಗೆ ಬಲೆ ಹಾಕುದು ಬೇಕು."

ಶ್ರೀಧರ ನಗಲಿಲ್ಲ. "ಇನ್ನೊಂದು ಸಲ ಕರೀತೇವೆ. ಮಹಿಳೆಯರ ಮೀಸಲಿನಲ್ಲಿ ಒಟ್ಟು ಮೂರು ಸಲ ಕರೆಯಬಹುದು. ಮೂರನೆಯದೂ ಬಿದ್ದರೆ ಮೀಸಲು ಹೋಗ್ತದೆ, ಎಲ್ಲರಿಗೂ ಮುಕ್ತ. ನಿಮ್ಮ ಪೈಕಿ ಬೇರೆ ಯಾರೂ ಇಲ್ವಾ? ಹಾಕಲಿಕ್ಕೆ ಹೇಳಿ."

ಬಾಗಿಲ ಹೊರಗೆ ಬೆಂಚಿನ ಮೇಲೆ ಗುತ್ತಿಗೆದಾರ ಸುಧಾಕರ ಕೂತಿದ್ದ. ಮೋರಿ, ಕಾಂಪೌಂಡು, ಬಸ್ಸಿನ ತಂಗುದಾಣ, ಏನನ್ನಾದರೂ ಕಟ್ಟುವವನು. ಎಲ್ಲರಿಗೂ ಮುಕ್ತ ಎಂಬ ಶಬ್ದ ಎಲ್ಲಿ ಕೇಳಿಸಿದರೂ ಅಲ್ಲಿ ಇರುವವನು.

"ಎಂತಕ್ಕೆ ತಲೆಬಿಸಿ ತಂಗಿ?" ಎಂದ. "ಕಡೆಗೆ ನಂಗೇ ಬತ್ತದೆ. ಬಂದ್ರೂ ಬಲೆ ಕಟ್ಟುವವರು ನೀವೇ ಅಲ್ವನೆ? ನಂಗೆಂತ ಗಂಟು ಹಾಕುಕೆ ಬತ್ತದಾ? ದಿನಗೂಲಿ ಸರಿಯಾಗಿ ಕೊಡ್ತೆ."

"ಪ್ರಮಾಣಪತ್ರ ಯಾರ ಹೆಸ್ರಿಗೆ ಸುಧಾಕರಣ್ಣ?"

"ಅದು ನಂಗೆ. ನಿಂಗೆಂತಕ್ಕೆ ಅದು, ಗೋಡೆಗೆ ಹಾಕುಕಾ?"

ಮರುದಿನವೇ ಜಯಂತಿ ಹೊನ್ನಾವರದ ಬಸ್ಸು ಹತ್ತಿದಳು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟು ಹರಿದುಕೊಟ್ಟ. ಈ ರಾಜ್ಯದಲ್ಲಿ ಹೆಂಗಸಿಗೆ ಪ್ರತಿಸ್ಪರ್ಧಿಗಳಿಲ್ಲದೆ ಸಿಗುವುದು ಸದ್ಯಕ್ಕೆ ಇದೊಂದೇ.

ಕಾಸರಕೋಡಿನಲ್ಲಿ ಮಾಲಿನಿ ಮೀನು ಒಣಗಿಸುವ ಅಂಗಳದ ಹಿಂದೆ ಕಾಲು ಚಾಚಿ ಕೂತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಗಂಟು ಹಾಕುತ್ತಿದ್ದಳು. ವಿಷಯ ಕೇಳಿ ಅವಳ ಕೈ ನಿಂತಿತು.

"ನಿನ್ನ ರಾಶಿಗೆ ನಾ ಬಾಯಿ ಹಾಕುದಾ? ಎಂತ ಹೇಳ್ತೆ ಬಾಯೆ! ನಂಗೂ ಹೆಣ್ಣುಮಕ್ಳು ಇದ್ರು, ನಾಳೆ ಅವ್ರೂ ದಂಡೆಗೆ ಇಳೀಬೇಕು."

"ನಾನೇ ಹೇಳ್ತೆ, ಹಾಕು ಮಾರಾಯ್ತಿ."

"ಸಿಂಬಿ ಎತ್ತಿದ್ಯಾ?"

"ಇಲ್ಲ. ನಂಗೆ ಬೇಕು ಅದು."

"ಮತ್ತೆ ನಾ ಎಂತಕ್ಕೆ ಹಾಕುದು?"

"ನೀ ಬರೀ ಹಾಕುದು. ನಿಂಗೆ ಸಿಗೂದಿಲ್ಲ."

"ಸಿಗದೇ ಇದ್ದದ್ದಕ್ಕೆ ಯಾರಾದ್ರೂ ಬುಟ್ಟಿ ತಕಂಡು ಹೋತ್ರಾ?"

"ಅವರಿಗೆ ಲೆಕ್ಕಕ್ಕೆ ಮೂರು ತಲೆ ಬೇಕಂತೆ. ನೀ ನನಗಿಂತ ಹೆಚ್ಚು ದರ ಬರಿ. ಕಡಿಮೆ ಬರೆದವರಿಗೆ ಕೆಲಸ. ಗೊತ್ತದೆ ಅಲ್ಲ?"

"ಶಿಬಿರದಲ್ಲಿ ಹೇಳಿದ್ರು," ಎಂದಳು ಮಾಲಿನಿ. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಚಹಾ ಕೊಟ್ಟಳು. ಹೊರಡುವಾಗ ಒಣ ಸಿಗಡಿ ಕಟ್ಟಿಕೊಟ್ಟಳು. ಒಪ್ಪಿದ್ದಾಳೆ ಎಂದು ಜಯಂತಿ ತಿಳಿದಳು.

ಭಟ್ಕಳದಲ್ಲಿ ಮೈಮುನಾಳ ಮನೆ ಬಂದರಿನ ದಾರಿಯಲ್ಲಿ. ಹೊಲಿಗೆ ಯಂತ್ರ ಒಂದು ಕಡೆ, ಬಲೆಯ ನೂಲಿನ ಉಂಡೆಗಳು ಒಂದು ಕಡೆ. ಶಿಬಿರದಲ್ಲಿ ಒಬ್ಬ ಅಧಿಕಾರಿ ಅವಳಿಗೆ, ನೀವು ಮಹಿಳೆಯೂ ಹೌದು ಅಲ್ಪಸಂಖ್ಯಾತರೂ ಹೌದು, ನಿಮಗೆ ಎರಡು ಬಾಗಿಲು ತೆರೆದಿದೆ ಎಂದಿದ್ದನಂತೆ.

"ಎರಡು ಬಾಗಿಲು ಅಂದ್ರು ಆಪಾ," ಎಂದಳು ಮೈಮುನಾ; ಅಕ್ಕ ಎನ್ನಲು ಅವಳು ಆಪಾ ಎನ್ನುವುದು. "ಒಂದರಲ್ಲಿ ಹೋದ್ರೆ ಅಲ್ಲಿ ಹೋಗಿ ಅಂತಾರೆ. ಅಲ್ಲಿ ಹೋದ್ರೆ ಇಲ್ಲಿ ಬನ್ನಿ ಅಂತಾರೆ. ಎರಡು ಬಾಗಿಲಿದ್ರೆ ಮನೆಯಲ್ಲಿ ಗಾಳಿ ಮಾತ್ರ ಚಂದ ಬರ್ತದೆ."

"ನೀ ಹಾಕ್ತ್ಯಾ ಇಲ್ವಾ?"

"ನೀವು ಹೇಳಿದ್ರೆ ಹಾಕ್ತೇನೆ. ಆದ್ರೆ ನಿಮ್ಮ ಹಕ್ಕಿಗೆ ಕೈ ಹಾಕುದಿಲ್ಲ, ಹೇಳಿದ್ದೇನೆ."

ಹೀಗೆ ಎರಡನೆಯ ಕರೆಗೆ ಮೂವರೂ ಸಿದ್ಧರಾದರು. ಕೊನೆಯ ದಿನ ಮಾಲಿನಿ ಫೋನು ಮಾಡಿ ನಿನ್ನ ದರ ಎಷ್ಟು ಎಂದು ಕೇಳಿದಳು. ಜಯಂತಿ ಹೇಳಿದಳು. ಒಂದು ಬಾವಿಗೆ ಎಷ್ಟು ರೂಪಾಯಿ, ಎಷ್ಟು ಪೈಸೆ ಎಂದು. ಈ ಬಗೆಯ ಸಂಭಾಷಣೆಗೆ ಕಾನೂನಿನಲ್ಲಿ ಒಂದು ಅಸಹ್ಯ ಹೆಸರಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಮಟ್ಟಿಗೆ ಒಬ್ಬ ಹೆಂಗಸು ಕೇಳಿದಳು, ಇನ್ನೊಬ್ಬಳು ಸುಳ್ಳು ಹೇಳಲಿಲ್ಲ.

ಫಲಿತಾಂಶ ಬಂದಾಗ ಅನೂಪನೇ ಮೊದಲು ನೋಡಿದ. ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದ.

"ಜಯಂತಕ್ಕ, ಮೂವರದೂ ಒಂದೇ ದರ."

"ಒಂದೇ ಅಂದ್ರೆ?"

"ಒಂದೇ ಅಂದ್ರೆ ಒಂದೇ. ಪೈಸೆ ಸಮೇತ."

ಇಲಾಖೆ ಮೂವರನ್ನೂ ಕರೆಸಿತು. ಒಳಸಂಚಿನ ಶಂಕೆ, ವಿವರಣೆ ಕೊಡಿ ಎಂದು. ಶ್ರೀಧರನ ಮೇಜಿನ ಎದುರು ಮೂರು ಕುರ್ಚಿ ಹಾಕಿದರು. ಜವಾನ ಬೀರಪ್ಪ ಬಾಗಿಲಲ್ಲೇ ನಿಂತ. ಆ ಕಚೇರಿಯಲ್ಲಿ ಒಳಸಂಚನ್ನು ಇಷ್ಟು ಹತ್ತಿರದಿಂದ, ಅದೂ ಕೈಚೀಲ ಹಿಡಿದು ಕೂತದ್ದನ್ನು, ಅವನು ನೋಡಿರಲಿಲ್ಲ.

"ಒಂದು ಪೈಸೆಯಾದರೂ ಆಚೀಚೆ ಮಾಡಬಾರದಿತ್ತಾ?" ಎಂದ ಶ್ರೀಧರ. ಅದು ಅಧಿಕಾರಿಯ ಪ್ರಶ್ನೆಯಾಗಿರಲಿಲ್ಲ, ಅಳಲಾಗಿತ್ತು.

"ಹೆಚ್ಚು ಬರಿ ಅಂತ ನಾ ಹೇಳಿದ್ದೆ," ಎಂದಳು ಜಯಂತಿ, ಮಾಲಿನಿಯನ್ನು ಸುಡುವಂತೆ ನೋಡುತ್ತ.

ಶ್ರೀಧರ ಕಿವಿ ಮುಚ್ಚಿಕೊಂಡ. "ಅದನ್ನು ಹೇಳಬೇಡಿ! ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಬೀರಪ್ಪ, ನೀನೂ ಕೇಳಿಸಿಕೊಳ್ಳಲಿಲ್ಲ."

"ಇಲ್ಲ ಸಾಹೇಬ್ರೆ," ಎಂದ ಬೀರಪ್ಪ, ಇನ್ನೊಂದು ಹೆಜ್ಜೆ ಒಳಗೆ ಬಂದು.

ಮಾಲಿನಿ ಮೆಲ್ಲಗೆ ಹೇಳಿದಳು. "ಹೆಚ್ಚು ಬರೀಲಿಕ್ಕೇ ಕೂತಿದ್ದೆ ಸಾಹೇಬ್ರೆ. ಕೈ ಹೋಗ್ಲಿಲ್ಲ. ಮೂವತ್ತು ವರ್ಷ ದಂಡೆಯಲ್ಲಿ ಹೆಚ್ಚು ಕೂಗಿದವರೇ ರಾಶಿ ತಕಂಡು ಹೋದ್ದು ಕಂಡಿದ್ದೆ. ಹೆಚ್ಚು ಬರೆದು ನಂಗೇ ಬಂದುಬಿಟ್ರೆ?"

"ಇಲ್ಲಿ ಕಡಿಮೆ ಬರೆದವರಿಗೆ ಅಮ್ಮ!"

"ಗೊತ್ತದೆ. ತಲೆಗೆ ಗೊತ್ತದೆ, ಕೈಗೆ ಗೊತ್ತಿಲ್ಲ. ಕಡಿಮೆ ಬರೆದ್ರೆ ನಿಮ್ಮ ಲೆಕ್ಕದಲ್ಲಿ ನಂಗೆ ಬತ್ತದೆ, ಹೆಚ್ಚು ಬರೆದ್ರೆ ನಮ್ಮ ಲೆಕ್ಕದಲ್ಲಿ ನಂಗೆ ಬತ್ತದೆ. ಎರಡೂ ಬೇಡ ಅಂತ ಅವಳದ್ದೇ ಬರ್ದೆ."

"ನೀವು?" ಎಂದು ಶ್ರೀಧರ ಮೈಮುನಾಳ ಕಡೆ ತಿರುಗಿದ.

"ನಾನು ಮಾಲಿನಿ ಆಪಾನ್ನ ಕೇಳಿದೆ. ಅವರು ಇಷ್ಟು ಅಂದ್ರು. ದೊಡ್ಡವರು ಹೇಳಿದ್ಮೇಲೆ ನಾನು ಬೇರೆ ಬರೀಲಿಕ್ಕೆ ಆಗ್ತದಾ?"

ಜಯಂತಿ ಸಿಂಬಿಯ ಪದ್ಧತಿಯನ್ನು ಮೊದಲಿನಿಂದ ವಿವರಿಸಿದಳು. ಧಾರೇಶ್ವರದವನಾದ ಶ್ರೀಧರನಿಗೆ ಅದು ಗೊತ್ತೇ ಇತ್ತು. ಅವನ ಅಜ್ಜಿಯೂ ಬುಟ್ಟಿ ಹೊತ್ತವಳೇ. ಅವನು ತಲೆಯಾಡಿಸುತ್ತ ಕೇಳಿ, ವರದಿಯಲ್ಲಿ "ಬಿಡ್‌ದಾರರ ಅನನುಭವದಿಂದ ಉಂಟಾದ ದೋಷ" ಎಂದು ಬರೆದ. ಕಪ್ಪುಪಟ್ಟಿಯಿಂದ ಬಚಾವಾದರು. ಟೆಂಡರು ಎರಡನೆಯ ಸಲ ರದ್ದಾಯಿತು.

"ಇನ್ನೊಂದೇ ಸಲ," ಎಂದ ಶ್ರೀಧರ. "ಈ ಸಲ ಒಬ್ಬರಿಗೊಬ್ಬರು ಫೋನು ಮಾಡಬೇಡಿ. ದಯವಿಟ್ಟು. ಜಗಳಾಡಿಕೊಂಡು ಬನ್ನಿ."

ಕಚೇರಿಯ ಮೆಟ್ಟಿಲಿಳಿಯುತ್ತ ಮಾಲಿನಿ, "ಪೆಟ್ಟು ತಿನ್ನದೇ ಪಾರಾದ್ವು," ಎಂದು ನಕ್ಕಳು. ಮೈಮುನಾ ಎಲ್ಲರಿಗೂ ನಿಂಬೆ ಸೋಡಾ ಕೊಡಿಸಿದಳು. ಜಯಂತಿ ಸೋಡಾವನ್ನು ಹಾಗೇ ಹಿಡಿದು ನಿಂತಳು. ಇವರಿಬ್ಬರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು. ಕೆಟ್ಟವರಿಂದ ಒಂದು ಕೆಲಸ ತೆಗೆಯಬಹುದು. ಇಷ್ಟು ಮರ್ಯಾದೆಯವರನ್ನು ಕಟ್ಟಿಕೊಂಡು ಏನು ಮಾಡುವುದು?

ಮೂರನೆಯ ಕರೆ ಬಂದಾಗ ಚೈತ್ರ. ಕಮಲಿ ಫ್ಯಾಕ್ಟರಿಯ ಮೇಸ್ತ್ರಿಯ ಹತ್ತಿರ ಮಾತಾಡಿ ಬಂದಿದ್ದಳು. "ಬರುವ ತಿಂಗಳಿಂದ ಬಾ ಅಂದ್ರು ಅತ್ಗೆ. ನಾ ಇನ್ನೂ ಎಂತದೂ ಹೇಳ್ಲಿಲ್ಲ," ಎಂದಳು. ಅಂದರೆ ಹೇಳಿಯಾಗಿದೆ ಎಂದು ಅರ್ಥ.

ಜಯಂತಿಗೆ ಒಂದೇ ದಾರಿ ಕಂಡಿತು. ಮಾಲಿನಿ ಮತ್ತು ಮೈಮುನಾ ನಿಜವಾಗಿ ದರ ಹಾಕಬೇಕಾದರೆ ರಾಶಿಯ ಮೇಲೆ ಸಿಂಬಿ ಇರಬಾರದು. ಅವಳು ಶೆಡ್ಡಿನಲ್ಲಿ ಕೂತು ಫೋನಿನ ಸ್ಪೀಕರು ಹಾಕಿ ಮಾಲಿನಿಗೆ ಕರೆ ಮಾಡಿದಳು.

"ನಾ ಬಿಟ್ಟೆ," ಎಂದಳು.

"ಎಂತ ಬಿಟ್ಟೆ?"

"ಬಾವಿ ಟೆಂಡರು. ಸಾಕಾತು ನಂಗೆ. ನೀ ಹಾಕು, ಮೈಮುನಾ ಹಾಕ್ಲಿ, ಮೂರನೇ ತಲೆ ಬೇರೆ ತಾಲ್ಲೂಕಿಂದ ಬತ್ತದಂತೆ. ಗೆದ್ದವರು ಮಾಡಿ."

"ನಿಜ ಬಿಟ್ಯಾ? ಎದುರಿಗೆ ಯಾರಿದ್ರು?"

"ಬೆಳ್ಳಿ ಇದ್ದಾಳೆ. ಕಮಲಿ ಇದ್ದಾಳೆ."

"ಹೌದು," ಎಂದಳು ಕಮಲಿ, ಏನೂ ಅರ್ಥವಾಗದೆ. ಬೆಳ್ಳಿ ತಲೆ ತಗ್ಗಿಸಿ ಬಲೆಯ ಕಣ್ಣು ಎಣಿಸತೊಡಗಿದಳು. ಮೈಮುನಾಳಿಗೂ ಇದೇ ಫೋನು ಹೋಯಿತು. ಸಂಜೆ ಜಯಂತಿ ಅನೂಪನ ಅಂಗಡಿಗೆ ಹೋಗಿ ತನ್ನ ದರವನ್ನೂ ಹಾಕಿಸಿದಳು, ಹಿಂದಿನದಕ್ಕಿಂತ ಸ್ವಲ್ಪ ಇಳಿಸಿ. ದಂಡೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಆ ಹೆಂಗಸಿನ ಹತ್ತಿರ ಯಾರೂ ಒಂದು ತಿಂಗಳು ಮಾತಾಡುತ್ತಿರಲಿಲ್ಲ. ಆದರೆ ದಂಡೆಯಲ್ಲಿ ಯಾರೂ ಪ್ರಮಾಣಪತ್ರ ಕೇಳುವುದೂ ಇಲ್ಲ ಎಂದು ಅವಳು ತನಗೇ ಹೇಳಿಕೊಂಡಳು. ಮಾಲಿನಿ ಹೇಗೂ ಹಿಂದಿನ ಆ ದರವನ್ನೇ ಹಾಕುತ್ತಾಳೆ, ಬೇರೆ ದರ ಯೋಚಿಸುವ ಸ್ವಭಾವ ಅವಳದಲ್ಲ ಎಂಬ ಲೆಕ್ಕವೂ ಇತ್ತು.

ಆ ಲೆಕ್ಕ ತಪ್ಪಿತು. ರಾಶಿ ತೆರವಾದ ಮೇಲೆ ಮಾಲಿನಿ ಮೂವತ್ತು ವರ್ಷ ದಂಡೆಯಲ್ಲಿ ಚೌಕಾಸಿ ಮಾಡಿದ ಹೆಂಗಸೇ. ನೂಲಿನವನ ಹತ್ತಿರ ಎರಡು ಸಲ ಹೋಗಿ ಇಳಿಸಿದ್ದಳು, ಕಬ್ಬಿಣದ ಚೌಕಟ್ಟಿನವನ ಹತ್ತಿರ ಜಗಳವಾಡಿದ್ದಳು, ಸಾಗಾಟಕ್ಕೆ ಭಾವನ ಗಾಡಿಯನ್ನು ಹಿಡಿದಿದ್ದಳು. ಮೂರು ದರ, ಮೂರೂ ಬೇರೆ ಬೇರೆ. ಮಾಲಿನಿಯದು ಎಲ್ಲಕ್ಕಿಂತ ಕಡಿಮೆ, ಜಯಂತಿಯದು ಎರಡನೆಯದು.

"ಈ ಸಲ ಟೆಂಡರು ಊರ್ಜಿತ ಅಕ್ಕ," ಎಂದ ಅನೂಪ, ಅಭಿನಂದಿಸಬೇಕೋ ಬೇಡವೋ ತಿಳಿಯದೆ.

ವ್ಯವಸ್ಥೆ ಏನು ಬಯಸಿತ್ತೋ ಅದು ನಡೆದಿತ್ತು. ಮೂವರು ಮಹಿಳೆಯರು, ನಿಜವಾದ ಸ್ಪರ್ಧೆ, ಸರಕಾರಕ್ಕೆ ಉಳಿತಾಯ. ಜಯಂತಿ ಮನೆಗೆ ಹೋಗಿ ಮಲಗಿದಳು. ಬೆಳ್ಳಿ ಊಟಕ್ಕೆ ಕರೆದಳು, ಹಸಿವಿಲ್ಲ ಎಂದಳು. ಸುಳ್ಳು ಹೇಳಿದರೂ ಸೋಲುವುದಾದರೆ ಸುಳ್ಳು ಯಾಕೆ ಹೇಳಿದೆ ಎಂದು ಗೋಡೆಯ ಕಡೆ ತಿರುಗಿ ತನ್ನನ್ನೇ ಕೇಳಿಕೊಂಡಳು.

ವಾರ ಕಳೆದು ಶ್ರೀಧರನ ಫೋನು ಬಂತು.

"ಅಕ್ಕ, ಆ ಮಾಲಿನಿಯವರು ಕರಾರಿಗೆ ಸಹಿ ಹಾಕಲಿಕ್ಕೆ ಬರ್ತಾ ಇಲ್ಲ. ಫೋನು ಎತ್ತಿದರೆ, ಅದು ನನ್ನ ರಾಶಿ ಅಲ್ಲ ಅಂತ ಇಡ್ತಾರೆ. ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿದರಂತೆ."

ಜಯಂತಿಯ ಎದೆಯಲ್ಲಿ, ನಾಚಿಕೆಯ ಪಕ್ಕದಲ್ಲೇ, ಒಂದು ಆಸೆ ಎದ್ದು ಕೂತಿತು. "ಅವಳು ಬೇಡ ಅಂದ್ರೆ ಎರಡನೇದವರಿಗೆ ಬತ್ತದಾ ಸರ್?"

"ಬರೋದಿಲ್ಲ. ಮೊದಲನೆಯವರು ಹಿಂದೆ ಸರಿದರೆ ಇಡೀ ಟೆಂಡರು ರದ್ದು. ಮೀಸಲೂ ಹೋಯ್ತು. ಸುಧಾಕರ ಬೆಳಿಗ್ಗೆಯಿಂದ ಬೆಂಚಿನ ಮೇಲೆ ಇದ್ದಾನೆ. ನಾಳೆ ಐದು ಗಂಟೆಯವರೆಗೆ ಸಮಯ ಉಂಟು. ನೀವೇ ಕರೆದುಕೊಂಡು ಬನ್ನಿ ಅಕ್ಕ, ನನ್ನ ಮಾತು ಅವರು ಕೇಳೋದಿಲ್ಲ."

ಹೀಗೆ ಟೆಂಡರು ಸೋತವಳು, ಗೆದ್ದವಳನ್ನು ಎಳೆದುತರಲು, ಬೆಳಗಿನ ಬಸ್ಸು ಹತ್ತಿದಳು.

ಮಾಲಿನಿ ಅಂಗಳದಲ್ಲೇ ಇದ್ದಳು. ಈ ಸಲ ಚಹಾ ಬರಲಿಲ್ಲ.

"ಬಿಟ್ಟೆ ಅಂದೆ," ಎಂದಳು ಮಾಲಿನಿ. "ಎರಡು ಹೆಂಗಸ್ರ ಎದುರಿಗೆ ಬಿಟ್ಟೆ ಅಂದೆ. ಬಿಡ್ಲಿಲ್ಲ."

"ಹೌದು. ಬಿಡ್ಲಿಲ್ಲ."

"ನಾ ಕಳ್ಳಿ ಆದೆ. ಸಿಂಬಿ ಇದ್ದ ರಾಶಿ ತಕಂಡವಳು ಅಂತ ನಾಳೆ ಬಾಡದಿಂದ ಭಟ್ಕಳದವರೆಗೆ ಹೇಳ್ತ್ರು. ಸುಳ್ಳು ಹೇಳಿದ್ದು ನೀನು, ಹೆಸ್ರು ನಂದು."

"ನಾ ಹೇಳ್ತೆ ಎಲ್ಲರಿಗೂ. ತಪ್ಪು ನಂದೇ ಅಂತ."

"ನೀ ಹೇಳಿದ್ದನ್ನ ಇನ್ನು ಯಾರು ನಂಬ್ತ್ರು?"

ಜಯಂತಿ ಮರಳಿನ ಮೇಲೆಯೇ ಕೂತಳು. ಕೂತಮೇಲೆ ಅವಳಿಗೆ ಸಿಟ್ಟು ಬಂತು. ತನ್ನ ಮೇಲೆ, ಮಾಲಿನಿಯ ಮೇಲೆ, ಪೋರ್ಟಲ್ಲಿನ ಮೇಲೆ, ಶಿಬಿರದಲ್ಲಿ ತಿಂದ ಊಟದ ಮೇಲೆ.

"ನೋಡು ಮಾಲಿನಿ, ನಂಗೆ ಬೈಯಿ. ಬೇಕಾದ್ರೆ ಹೊಡಿ. ಆದ್ರೆ ಇವತ್ತು ನೀ ಸಹಿ ಹಾಕದಿದ್ರೆ ನಾಳೆ ಆ ಸುಧಾಕರ ಬತ್ತ. ಇಲ್ಲೇ, ಈ ಅಂಗಳಕ್ಕೇ ಬತ್ತ. ದಿನಕ್ಕೆ ಇಷ್ಟು ಅಂತ ಕೂಲಿ ಹೇಳ್ತ. ನಿಂಗೂ ಅಷ್ಟೇ, ನಂಗೂ ಅಷ್ಟೇ, ಮೈಮುನಾಗೂ ಅಷ್ಟೇ. ನಾವು ಮಾಡ್ತ್ವು, ಬೇರೆ ಕೆಲಸ ಎಲ್ಲಿ ಅದೆ? ಬಲೆ ನಾವು ಕಟ್ಟುದು, ಪ್ರಮಾಣಪತ್ರ ಅವಂಗೆ. ಅವ ಗಂಡಸು, ಅವಂಗೆ ಯಾವ ರಾಶಿಗೂ ಬಾಯಿ ಹಾಕುಕೆ ಅಡ್ಡಿಲ್ಲ. ನಮ್ಮ ಮರ್ಯಾದೆ ನಾವು ನಾವೇ ಇಟ್ಕಂಡು ಕೂರುದು."

ಮಾಲಿನಿ ಬಲೆಯ ಸೂಜಿಯನ್ನು ಕೆಳಗಿಟ್ಟಳು. "ನಿಂಗೆ ಹೊಟ್ಟೆ ಉರಿಯುದಿಲ್ವಾ? ನಂಗೆ ಸಿಕ್ಕಿದ್ದಕ್ಕೆ?"

"ಉರೀತದೆ. ರಾಶಿ ಉರೀತದೆ. ಏಳು, ಬಸ್ಸು ಬತ್ತದೆ."

ಮಾಲಿನಿ ಎದ್ದದ್ದು ಕ್ಷಮಿಸಿ ಅಲ್ಲ. ಸೀರೆ ಬದಲಿಸಲು ಒಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಕುಮಟಾದವರೆಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಿಟಕಿ ನೋಡಿದರು.

ಶ್ರೀಧರ ಕರಾರುಪತ್ರವನ್ನು ತಿರುಗಿಸಿ ತಿರುಗಿಸಿ ಸಹಿಯ ಜಾಗ ತೋರಿಸಿದ. ಮಾಲಿನಿ ಪ್ರತಿ ಪುಟದಲ್ಲೂ ನಿಧಾನವಾಗಿ ಹೆಸರು ಬರೆದಳು. ಕೊನೆಯ ಪುಟಕ್ಕೆ ಬಂದಾಗ ಅವನು ತಲೆ ತುರಿಸಿಕೊಂಡ.

"ಇಬ್ಬರು ಸಾಕ್ಷಿ ಬೇಕು. ಒಂದು ಬೀರಪ್ಪ ಹಾಕ್ತಾನೆ. ಇನ್ನೊಂದು..." ಅವನು ಜಯಂತಿಯನ್ನು ನೋಡಿದ, ನೋಡಿ ನೋಟ ತೆಗೆದ.

ಜಯಂತಿ ಪೆನ್ನು ತೆಗೆದುಕೊಂಡಳು. ಸರಕಾರದ ಗುತ್ತಿಗೆ ಕರಾರಿನ ಮೇಲೆ ಅವಳ ಹೆಸರು ಮೊದಲ ಸಲ ಬಿತ್ತು, ಜವಾನನ ಹೆಸರಿನ ಕೆಳಗೆ.

"ಇದು ಅನುಭವ ಅಂತ ಲೆಕ್ಕಕ್ಕೆ ಬತ್ತದಾ ಸರ್?"

"ಇಲ್ಲ ಅಕ್ಕ," ಎಂದ ಶ್ರೀಧರ. ನಿಯಮದಲ್ಲಿ ಇದ್ದಿದ್ದರೆ ಅವನು ಖಂಡಿತ ಹೌದು ಎನ್ನುತ್ತಿದ್ದ. ಹೊರಗೆ ಬೆಂಚು ಖಾಲಿಯಾಗಿತ್ತು. ಸುಧಾಕರನಿಗೆ ಬೇರೆಲ್ಲೋ ಮೋರಿ ಸಿಕ್ಕಿರಬೇಕು.

ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸು ಹೊರಡಲು ತಯಾರಾಗಿತ್ತು. ಮಾಲಿನಿ ಹತ್ತಿ ಕಿಟಕಿಯ ಪಕ್ಕ ಕೂತಳು. ಜಯಂತಿ ಕೆಳಗೆ ನಿಂತಳು, ಯಾಕೆ ನಿಂತಿದ್ದೇನೆ ಎಂದು ಗೊತ್ತಿಲ್ಲದೆ.

"ಬಾವಿ ರಾಶಿ ಅದೆ," ಎಂದಳು ಮಾಲಿನಿ, ಎದುರಿನ ಸೀಟನ್ನು ನೋಡುತ್ತ. "ಮಳೆ ಶುರುವಾಗುದ್ರ ಒಳಗೆ ಮುಗೀಬೇಕಂತೆ. ನಂಗೆ ಅಷ್ಟು ಕೈ ಇಲ್ಲ. ಕುಮಟಾ ಕಡೆದು ನೀ ಕಟ್ಟಿಕೊಡ್ತ್ಯಾ? ಪುಕ್ಕಟೆ ಕೊಡು ಅಂತಿಲ್ಲ. ದರ ಹೇಳು."

ಜಯಂತಿ ದರ ಹೇಳಿದಳು.

"ಜಾಸ್ತಿ ಆತು."

"ನೀ ಅಷ್ಟು ಇಳಿಸಿ ಹಾಕಿದ್ದಕ್ಕೆ ನಾ ಎಂತ ಮಾಡುದು? ಆ ದರಕ್ಕೆ ಎಂತಾ ನೂಲು ಹಾಕ್ತೆ ನೀನು, ಹೊಲಿಗೆ ದಾರವಾ? ಮಕ್ಕಳು ಬೀಳುವ ಬಾವಿ ಅದು."

"ನೂಲಿನ ಸುದ್ದಿ ನಂಗೆ ಹೇಳ್ಬೇಡ. ಒಂಚೂರು ಇಳಿಸು."

"ಇಳಿಸುದಿಲ್ಲ."

"ಇಳಿಸದಿದ್ರೆ ಮೈಮುನಾ ಹತ್ರ ಕೇಳ್ತೆ."

ಇಷ್ಟು ವರ್ಷದಲ್ಲಿ ಮಾಲಿನಿ ಜಯಂತಿಗೆ ಇಂಥ ಮಾತು ಆಡಿರಲಿಲ್ಲ. ಫ್ಯಾಕ್ಟರಿಯವರು ಹೇಳಿದ ತಿಂಗಳು ಹತ್ತಿರವಿತ್ತು. ಕಮಲಿಯ ಮುಖ ಕಣ್ಣೆದುರು ಬಂತು. ಜಯಂತಿ ಸ್ವಲ್ಪ ಇಳಿಸಿದಳು. ಮಾ‌ಲಿನಿ ಇನ್ನೂ ಸ್ವಲ್ಪ ಎಳೆದಳು. ಹಿಂದಿನ ಸೀಟಿನ ಹೆಂಗಸೊಬ್ಬಳು, ಇದೇನು ಬಂಗಡೆಯ ವ್ಯಾಪಾರವೋ ಎಂದು ಕತ್ತು ಚಾಚಿ ನೋಡಿದಳು. ಚಾಲಕ ಹಾರ್ನು ಬಾರಿಸುವ ಹೊತ್ತಿಗೆ ಒಂದು ದರಕ್ಕೆ ನಿಂತಿತು. ಇಬ್ಬರಿಗೂ ಅದರಲ್ಲಿ ಸಮಾಧಾನವಿರಲಿಲ್ಲ.

"ಆತು," ಎಂದಳು ಜಯಂತಿ. "ಮತ್ತೊಂದು. ಮುಗಿದ ಮೇಲೆ ಒಂದು ಕಾಗದದಲ್ಲಿ ಬರೆದುಕೊಡ್ತ್ಯಾ? ಕುಮಟಾದ ಬಾವಿ ಎಲ್ಲ ನಾ ಮಾಡ್ದೆ ಅಂತ. ಸೀಲು ಹಾಕಿ."

ಬಸ್ಸು ಜರುಗಿತು. ಮಾಲಿನಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ದಿನ ಮೊದಲ ಸಲ ಅವಳನ್ನು ನೇರವಾಗಿ ನೋಡಿ ಕೂಗಿದಳು.

"ಮೊದ್ಲು ಅವ್ರು ನಂಗೆ ಕೊಡ್ತ್ರಾ ಕಾಣ್ವಾ!"